‘ರೇಸ್’ ಎನ್ನಬಾರದ ಮನೆ

ದೋಹಾದಲ್ಲಿ ಬೆಳೆದ ಯಾವ ಮಗುವನ್ನು ಕೇಳಿದರೂ ಕೆಂಟಕಿ ಎಂದರೆ ಕರಿದ ಕೋಳಿ ಎಂದೇ ಹೇಳುತ್ತದೆ. ಆ ಕೋಳಿಯಂಗಡಿಗೆ ಊರವರ ಬಾಯಲ್ಲಿ ಅದೇ ಹೆಸರು. ಅರಬ್ಬರಿಗೂ ಅದೇ, ಮಲಯಾಳಿಗಳಿಗೂ ಅದೇ. ನಮ್ಮ ಮನೆಯಲ್ಲಿ ಮಾತ್ರ ಕೆಂಟಕಿ ಎಂದರೆ ಕುದುರೆ. ಅಮೆರಿಕದ ಭೂಪಟದಲ್ಲಿ ಆ ರಾಜ್ಯವನ್ನು ನಾನು ಕಣ್ಣು ಮುಚ್ಚಿ ತೋರಿಸುತ್ತಿದ್ದೆ. ಉಡುಪಿ ಎಲ್ಲಿ ಎಂದು ಕೇಳಿದರೆ ಬೆರಳು ಗೋವಾಕ್ಕೂ ಕೇರಳಕ್ಕೂ ನಡುವೆ ಅಲೆದಾಡುತ್ತಿತ್ತು. ನಾವಿದ್ದದ್ದು ದೋಹಾ ಅಲ್ ಜದೀದಾದ ಒಂದು ಹಳೆಯ ಕಟ್ಟಡದ ಎರಡನೇ ಮಾಳಿಗೆಯಲ್ಲಿ. ಕೆಳಗೆ ಇಸ್ತ್ರಿ ಅಂಗಡಿ, ಆದ್ದರಿಂದ ನಮ್ಮ ಮನೆಗೆ ಸದಾ ಬಿಸಿ ಬಟ್ಟೆಯ ವಾಸನೆ. ಒಂದು ಕೋಣೆ ಅಪ್ಪ ಅಮ್ಮನದು, ಇನ್ನೊಂದು ನನ್ನದು ಮತ್ತು ಅಪ್ಪನ ತಂಗಿ ಸರಳತ್ತೆಯದು. ಅಪ್ಪ ಕಾಪು ಕಡೆಯ ತುಳುವರು, ಅಮ್ಮ ಕುಂದಾಪುರದವಳು. ಯಾರ ಮಾತು ನಡೆಯಬೇಕೆಂಬ ಜಗಳ ನಾನು ಹುಟ್ಟುವ ಮೊದಲೇ ಮುಗಿದು ಕನ್ನಡ ಗೆದ್ದಿತ್ತು. ಎದುರು ಮನೆಯ ಸುಡಾನಿನ ಮಕ್ಕಳಿಂದ ನಾನು ಅರಬ್ಬಿ ಕಲಿತೆ. ಮೊದಲು ಕಲಿತ ಶಬ್ದ ‘ಮಾಫಿ’. ಮಾಫಿ ಎಂದರೆ ಇಲ್ಲ. ನೀರು ಮಾಫಿ, ಲಿಫ್ಟ್ ಮಾಫಿ, ಆಟ ಮಾಫಿ. ಎರಡನೆಯದು ‘ಖಲಾಸ್’, ಆಯಿತು, ಮುಗಿಯಿತು. ಆ ಎರಡು ಶಬ್ದಗಳಿದ್ದರೆ ಕೊಲ್ಲಿಯಲ್ಲಿ ಒಂದು ಜನ್ಮ ಸಾಗಿಸಬಹುದು ಎಂದು ಸರಳತ್ತೆ ಹೇಳುತ್ತಿದ್ದಳು. ಈಗ ನಾನು ಇಲ್ಲಿಯ ಆಸ್ಪತ್ರೆಯೊಂದರಲ್ಲಿ ದುಭಾಷಿ. ರೋಗಿಗೂ ವೈದ್ಯರಿಗೂ ನಡುವೆ ಕೂತು ಅವರ ಮಾತನ್ನು ಇವರಿಗೆ, ಇವರದನ್ನು ಅವರಿಗೆ ದಾಟಿಸುತ್ತೇನೆ. ಸರ್ಟಿಫಿಕೇಟು ಬೇರೆಲ್ಲೋ ಸಿಕ್ಕಿತು, ಕೆಲಸ ಕಲಿತದ್ದು ಆ ಮನೆಯಲ್ಲಿ.

ಅಪ್ಪ ಒಬ್ಬ ದೊಡ್ಡ ಕತಾರಿ ಯಜಮಾನರ ಲಾಯದಲ್ಲಿ ಕೆಲಸಕ್ಕಿದ್ದರು. ಕುದುರೆಗಳನ್ನು ದೇಶದಿಂದ ದೇಶಕ್ಕೆ ಸಾಗಿಸುವುದು ಅವರ ಪಾಲಿನ ಕೆಲಸ. ಪ್ರತಿ ವರ್ಷ ಸೆಕೆ ಇಳಿಯುವ ಹೊತ್ತಿಗೆ ಯಜಮಾನರು ಕೆಂಟಕಿಯ ಹರಾಜಿನಲ್ಲಿ ಮರಿಗುದುರೆಗಳನ್ನು ಕೊಳ್ಳುತ್ತಿದ್ದರು. ಅಪ್ಪ ವಾರಗಟ್ಟಲೆ ಅಲ್ಲಿದ್ದು, ಆಮೇಲೆ ಸಾಮಾನು ವಿಮಾನದಲ್ಲಿ ಕುದುರೆಗಳ ಜತೆಗೇ ನಿಂತು ದೋಹಾಕ್ಕೆ ಬರುತ್ತಿದ್ದರು. ಬಂದ ದಿನ ಅವರ ಅಂಗಿಯಲ್ಲಿ ಒಣಹುಲ್ಲಿನ ವಾಸನೆ. ಅಮ್ಮ ಅದನ್ನು ಎರಡು ಬೆರಳಲ್ಲಿ ಹಿಡಿದು ಬಕೆಟ್ಟಿಗೆ ಹಾಕುವಳು. ಆ ರಾತ್ರಿಯ ಊಟದಿಂದ ಮುಂದಿನ ಪ್ರಯಾಣದವರೆಗೆ ನಮಗೆ ಅನ್ನದ ಜತೆ ನಂಚಿಕೊಳ್ಳಲು ಕೆಂಟಕಿಯೇ. ಅಲ್ಲಿಯ ನೀರು ಸುಣ್ಣಕಲ್ಲಿನ ಮೇಲೆ ಹರಿದು ಬರುತ್ತದಂತೆ, ಅದನ್ನು ಕುಡಿದ ಹುಲ್ಲನ್ನು ಮೇಯುವ ಕುದುರೆಗೆ ಮೂಳೆ ಗಟ್ಟಿಯಂತೆ. ಹಾಗಾದರೆ ಸುಣ್ಣ ಹಚ್ಚಿ ಎಲೆಯಡಿಕೆ ಹಾಕುವ ತನ್ನ ಅಜ್ಜಿಯೂ ರೇಸಿಗೆ ಓಡಬಹುದಿತ್ತಲ್ಲ ಎಂದು ಅಮ್ಮ ಕೇಳುವಳು. ಲೂಯಿವಿಲ್ ಎಂಬ ಊರಿನಲ್ಲಿ ಜೋಡಿ ಗೋಪುರದ ಹಳೆಯ ಮೈದಾನ; ಮೇ ತಿಂಗಳ ಮೊದಲ ಶನಿವಾರ ಅಲ್ಲಿ ದೊಡ್ಡ ಓಟ, ಗೆದ್ದ ಕುದುರೆಯ ಮೈಮೇಲೆ ಕೆಂಪು ಗುಲಾಬಿಯ ಹೊದಿಕೆ. ಲೆಕ್ಸಿಂಗ್ಟನ್ನಿನ ಕಲ್ಲುಗೋಡೆಯ ಮೈದಾನದಲ್ಲಿ ಬಹುಕಾಲ ಧ್ವನಿವರ್ಧಕವನ್ನೇ ಇಡಲಿಲ್ಲವಂತೆ. ಕುದುರೆ ಗೊತ್ತಿದ್ದವನಿಗೆ ಕೂಗಿ ಹೇಳುವುದೇನು ಎಂಬ ಜಂಬ. ಹಳೆಯ ಕಾಲದಲ್ಲಿ ಅಲ್ಲಿ ಗೆದ್ದ ಸವಾರರಲ್ಲಿ ಬಹಳಷ್ಟು ಮಂದಿ ಕರಿಯರು, ಗುಲಾಮರ ಮಕ್ಕಳು. ಆಮೇಲೆ ಅವರನ್ನು ಮೈದಾನದಿಂದಲೇ ಓಡಿಸಿದರು ಎಂದು ಹೇಳುವಾಗ ಅಪ್ಪನ ದನಿ ಗಡುಸಾಗುತ್ತಿತ್ತು. ಲಾಯದಲ್ಲಿ ಕುದುರೆಯ ಬಾಲ ಬಾಚುವವನ ಹೆಸರನ್ನು ಯಾರೂ ಕರೆಯುವುದಿಲ್ಲ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಕುದುರೆ ಸತ್ತರೆ ತಲೆ, ಹೃದಯ, ಗೊರಸು ಇಷ್ಟನ್ನೇ ಹೂಳುವುದು ಅಲ್ಲಿಯ ಪದ್ಧತಿ, ತೀರಾ ದೊಡ್ಡ ಕುದುರೆಯಾದರೆ ಮಾತ್ರ ಇಡೀ ದೇಹಕ್ಕೆ ಮಣ್ಣು ಎಂದು ಅವರು ಒಮ್ಮೆ ಮೀನುಸಾರಿನ ಮುಂದೆ ಶುರುಮಾಡಿದಾಗ ಅಮ್ಮ ಸೌಟು ಕೆಳಗಿಟ್ಟಳು.

‘ಉಂಬತಿಗೆ ಹೆಣದ್ ಸುದ್ದಿ ಎಂತಕೆ? ಖಲಾಸ್.’

ಒಂದು ಸಲ ಅಪ್ಪ ಅಮ್ಮನಿಗೆ ಅಲ್ಲಿಂದ ಟೊಪ್ಪಿ ತಂದರು. ದೊಡ್ಡ ಓಟದ ದಿನ ಕೆಂಟಕಿಯ ಹೆಂಗಸರು ತಲೆಗೆ ಹಾಕುವಂಥದು. ಕೆನೆ ಬಣ್ಣ, ಕೊಡೆಯಷ್ಟು ಅಗಲದ ಅಂಚು, ಒಂದು ಬದಿಗೆ ನೀಲಿ ರಿಬ್ಬನ್ನಿನ ಹೂವು. ಯಜಮಾನರ ಕಡೆಯವರು ಕೊಟ್ಟದ್ದು ಎಂದು ಅಪ್ಪ ಹೇಳಿದ ಹಾಗೆ ನನ್ನ ನೆನಪು. ಅಮ್ಮನ ನೆನಪೂ ಅದೇ. ಕನ್ನಡಿಯ ಮುಂದೆ ಅದನ್ನು ತಲೆಗಿಡಲು ಅಮ್ಮ ಬಹಳ ಹೊತ್ತು ಹೆಣಗಿದಳು. ಅವಳ ತುರುಬು ದೊಡ್ಡದು, ಅದರ ಮೇಲೆ ಮಲ್ಲಿಗೆಯ ದಂಡೆ. ಊರಿಂದ ವಿಮಾನದಲ್ಲಿ ಬರುವ ಮಲ್ಲಿಗೆ ಸಿಕ್ಕಿದ ದಿನ ಅವಳು ಹೂವಿಲ್ಲದೆ ಇರುವವಳಲ್ಲ. ಟೊಪ್ಪಿ ಹೂವಿನ ಮೇಲೆ ಕೂರದೆ ಮುಂದಕ್ಕೆ ಜಾರಿ ಮೂಗಿನ ಮೇಲೆ ಬಂತು. ಟೊಪ್ಪಿಗಾಗಿ ಹೂ ತೆಗೆಯುವ ಹೆಂಗಸು ತಾನಲ್ಲ ಎಂದು ಅದನ್ನು ಫ್ರಿಜ್ಜಿನ ಮೇಲೆ ಏರಿಸಿದಳು. ಅದು ಅಲ್ಲೇ ಉಳಿಯಿತು. ವಾರಕ್ಕೊಮ್ಮೆ ಒರಸುವಳು. ಬಂದವರು ಕೇಳಿದರೆ ಶೋಗೆ ಇಟ್ಟದ್ದು ಎಂದು ಹೇಳುವಳು.

ಈ ಮನೆಯಲ್ಲಿ ಒಂದು ಶಬ್ದಕ್ಕೆ ಮಾತ್ರ ಪ್ರವೇಶವಿರಲಿಲ್ಲ, ಅದು ‘ರೇಸ್’. ಮೊದಲು ಹೀಗಿರಲಿಲ್ಲ. ಸರಳತ್ತೆ ಒಂದು ಹಲ್ಲಿನ ಕ್ಲಿನಿಕ್ಕಿನಲ್ಲಿ ರಿಸೆಪ್ಷನಿಸ್ಟ್. ಚುರುಕು, ನಗು, ಕೈಯಲ್ಲೊಂದು ಕೆಲಸ, ಯಾವುದಕ್ಕೂ ಕಡಮೆಯಿಲ್ಲ. ಆದರೂ ಅವಳಿಗೆ ಕೂಡಿಬಂದ ಎರಡು ಸಂಬಂಧಗಳು ಕಾರಣ ಹೇಳದೆ ಕಳಚಿಕೊಂಡವು. ಕಾರಣ ಆಮೇಲೆ ಊರಿನಿಂದ ತಿಳಿಯಿತು. ಹುಡುಗಿಯ ಅಣ್ಣ ದೋಹಾದಲ್ಲಿ ರೇಸಿನವನಂತೆ ಎಂದು ಯಾರೋ ಹೇಳಿದ್ದರು. ಹೇಳಿದ್ದು ಸುಳ್ಳೂ ಅಲ್ಲ. ಆದರೆ ನಮ್ಮ ಕಡೆ ‘ರೇಸಿಗೆ ಹೋಗುವವ’ ಎಂದರೆ ಕುದುರೆ ನೋಡಿಕೊಳ್ಳುವವನಲ್ಲ. ಮುಂಬಯಿಯಲ್ಲಿ ದುಡಿದದ್ದನ್ನು ಕುದುರೆಯ ಕಾಲಿಗೆ ಕಟ್ಟಿ, ಹೆಂಡತಿಯ ಕಿವಿಯೋಲೆ ಮಾರುವವನು. ಕತಾರಿನಲ್ಲಿ ರೇಸಿಗೆ ದುಡ್ಡು ಕಟ್ಟುವ ಪದ್ಧತಿಯೇ ಇಲ್ಲ ಎಂದು ಅಪ್ಪ ಫೋನಿನಲ್ಲಿ ಊರಿಗೆಲ್ಲ ಹೇಳಿ ನೋಡಿದರು. ದುಡ್ಡಿಲ್ಲದೆ ಎಂಥ ರೇಸು ಎಂದು ಅವರು ಇನ್ನಷ್ಟು ಅನುಮಾನಪಟ್ಟರು. ಆಗ ಅಮ್ಮ ಕಾಯಿದೆ ಮಾಡಿದಳು.

‘ರೇಸ್ ಅಂದ್ರೆ ಜೂಜ್ ಅಂತ್ಲೇ ಊರಿಗೆಲ್ಲ ಗೊತ್ತಿಪ್ಪುದ್. ಇನ್ಮೇಲೆ ಯಾರ್ ಕೇಂಡ್ರೂ ಕೆಂಟಕಿ ಕೆಲ್ಸ ಅಂತ ಹೇಳಿ.’

ಅವಳ ಮನಸ್ಸಿನಲ್ಲಿ ಕೋಳಿ ಇರಲಿಲ್ಲ. ಅಮೆರಿಕದ ಹೆಸರು ಕೇಳಿದರೆ ಜನ ಮುಂದೆ ಕೇಳುವುದಿಲ್ಲ ಎಂದಷ್ಟೇ ಅವಳ ಲೆಕ್ಕಾಚಾರ. ಆದರೆ ತಿಂಗಳು ಕಳೆಯುವುದರೊಳಗೆ ದೋಹಾದ ನಮ್ಮವರೆಲ್ಲ ಅಪ್ಪನನ್ನು ಕೋಳಿಯಂಗಡಿಯ ಮ್ಯಾನೇಜರ್ ಮಾಡಿಬಿಟ್ಟರು. ದೀಪಾವಳಿಯ ಕೂಟದಲ್ಲಿ ಒಬ್ಬರು ಅಪ್ಪನನ್ನು ಬದಿಗೆ ಕರೆದು, ಮಗನ ಹುಟ್ಟುಹಬ್ಬಕ್ಕೆ ಕೋಳಿ ಸ್ವಲ್ಪ ಕಡಮೆಗೆ ಸಿಕ್ಕೀತೇ ಎಂದು ಕೇಳಿದರು. ಅಪ್ಪ ಮನೆಗೆ ಬಂದವರೇ ಷೂಸು ಬಿಚ್ಚದೆ ಕುರ್ಚಿಯಲ್ಲಿ ಕೂತರು. ಅವರಿಗೆ ಅಷ್ಟು ಸಿಟ್ಟು ಬಂದದ್ದನ್ನು ನಾನು ಮೊದಲು ಕಂಡಿರಲಿಲ್ಲ.

‘ಅಷ್ಟು ದೊಡ್ಡ ಕುದುರೆಯನ್ನು ಕೋಳಿ ಮಾಡಿಬಿಟ್ಟಿಯಲ್ಲ ಮಾರಾಯ್ತಿ.’

ಅಮ್ಮ ಜಗ್ಗಲಿಲ್ಲ. ನಾದಿನಿಯ ಮದುವೆಯಾಗುವವರೆಗೆ ಕೋಳಿಯಾಗಿರಿ, ಆಮೇಲೆ ಬೇಕಾದರೆ ಆನೆಯಾಗಿ ಎಂದಳು. ನನಗೆ ಅಪ್ಪನ ಮೇಲೆ ಮರುಕವಾಯಿತು, ನಗುವೂ ಬಂತು.

ಅಷ್ಟರಲ್ಲಿ ಸರಳತ್ತೆಯೇ ಒಂದು ಸಂಬಂಧ ಹುಡುಕಿಕೊಂಡಿದ್ದಳು. ಹರೀಶ ಎಂಬವರು, ಅಲ್ ವಕ್ರಾದಲ್ಲಿ ವಾಸ, ಆಫೀಸು ಕೆಲಸ. ಹಲ್ಲುನೋವೆಂದು ಕ್ಲಿನಿಕ್ಕಿಗೆ ಬಂದು ಬಂದು, ಹಲ್ಲಿಗೆ ಏನೂ ಆಗಿಲ್ಲವೆಂದು ಡಾಕ್ಟರು ಬೈದು ಕಳಿಸಿದ ಮೇಲೂ ಬಂದವರು. ಅಪ್ಪನ ಕೆಲಸ ಏನೆಂದು ಅವರಿಗೆ ಗೊತ್ತಿತ್ತು, ಅದರ ಬಗ್ಗೆ ತಕರಾರೂ ಇರಲಿಲ್ಲ. ಆದರೆ ತಾಯಿ ಒಪ್ಪದೆ ಅವರು ಮದುವೆಯಾಗುವಂತಿರಲಿಲ್ಲ. ಗಂಡನಿಲ್ಲದೆ ಒಬ್ಬಳೇ ದುಡಿದು ಸಾಕಿದ ತಾಯಿ. ಆ ತಾಯಿ ಗುಲಾಬಿಯಮ್ಮ ಹುಡುಗಿಯನ್ನು ನೋಡಲೆಂದೇ ಊರಿಂದ ವಿಸಿಟ್ ವೀಸಾದಲ್ಲಿ ಬರುವವರಿದ್ದರು. ಹುಡುಗಿಯ ಅಣ್ಣನದು ಕೆಂಟಕಿ ಕೆಲಸ ಎಂದಷ್ಟೇ ಅವರಿಗೆ ತಿಳಿದಿತ್ತು. ಇದು ತಪ್ಪಿದರೆ ತಾನು ಬೇರೆ ಹುಡುಗನ ಮುಂದೆ ಕಾಫಿ ಹಿಡಿದು ನಿಲ್ಲುವುದಿಲ್ಲ ಎಂದು ಸರಳತ್ತೆ ಜಡೆ ಹೆಣೆಯುತ್ತಾ ನನಗೆ ಹೇಳಿದಳು. ಒಂಬತ್ತು ವರ್ಷದವಳಿಗೆ ಅಷ್ಟು ದೊಡ್ಡ ವಿಷಯವನ್ನು ಯಾರಾದರೂ ನಂಬಿ ಹೇಳಿದರೆ ಆಗುವ ಹೆಮ್ಮೆ ನನಗಾಯಿತು.

ಶುಕ್ರವಾರ ಮಧ್ಯಾಹ್ನದ ಊಟಕ್ಕೆ ಗುಲಾಬಿಯಮ್ಮ ಬಂದರು. ದೋಹಾಕ್ಕೆ ಬಂದು ವಾರವೂ ಆಗಿರಲಿಲ್ಲ. ಸಣ್ಣ ಆಳು, ಬಿಳಿ ಕೂದಲು, ಹೂವಿಲ್ಲದ ತಲೆ, ನೇರ ನೋಟ. ಎಳವೆಯೆಲ್ಲ ಮುಂಬಯಿಯಲ್ಲಿ ಕಳೆದದ್ದರಿಂದ ಮಾತಿನ ನಡುವೆ ಹಿಂದಿ ನುಸುಳುತ್ತಿತ್ತು. ಅಮ್ಮನಿಗೆ ತುಳು ಬಾರದೆಂದು ತಿಳಿದು ಕೂಡಲೇ ಕನ್ನಡಕ್ಕೆ ತಿರುಗಿದರು. ಅದಕ್ಕೇ ನನಗೆ ಅವರು ಹಿಡಿಸಿದರು. ಗಾಜಿನ ಮೇಜಿನ ಮೇಲೆ ಅಮ್ಮ ಗರಿಗರಿ ಕೋರಿ ರೊಟ್ಟಿ, ಕೋಳಿಸಾರು, ಹುರಿದ ಹಮ್ಮೂರ್ ಮೀನು, ಗಂಜಿಗೆಂದು ಬೇರೆ ಚಟ್ನಿ ಎಲ್ಲ ಜೋಡಿಸಿದ್ದಳು. ಗುಲಾಬಿಯಮ್ಮ ರೊಟ್ಟಿ ಮುರಿದು ಸಾರಿಗೆ ಹಾಕಿ, ಅದು ಮೆತ್ತಗಾಗುವವರೆಗೆ ಕಾಯಬೇಕಲ್ಲ, ಆ ಹೊತ್ತಿಗೆ ಒಂದು ಮಾತಿರಲಿ ಎಂಬಂತೆ ಅಪ್ಪನನ್ನು ಕೇಳಿದರು.

‘ನಿಮ್ಮ ಕೆಂಟಕಿಯಲ್ಲಿ ದಿನಕ್ಕೆ ಸುಮಾರು ಎಷ್ಟು ಕೋಳಿ ಹೋಗ್ತದೆ?’

ಅಪ್ಪ ತಟ್ಟೆ ನೋಡಿದರು. ಅಮ್ಮ ಅಪ್ಪನನ್ನು ನೋಡಿದಳು. ಹರೀಶರಿಗೆ ಕೆಮ್ಮು ಬಂತು. ಒಂದು ಅಂದಾಜು ಹೇಳಿಬಿಟ್ಟಿದ್ದರೆ ಮದುವೆ ಅಲ್ಲೇ ನಿಶ್ಚಯವಾಗುತ್ತಿತ್ತು. ಅಪ್ಪನ ಬಾಯಿಂದ ಅದು ಹೊರಡಲಿಲ್ಲ. ಮೀನು ಬಡಿಸುತ್ತಿದ್ದ ಸರಳತ್ತೆ ನೆಟ್ಟಗೆ ನಿಂತಳು.

‘ಅಣ್ಣ ಕೋಳಿಯವ ಅಲ್ಲ, ಅಮ್ಮ. ರೇಸಿನವ. ರೇಸಿನ ಕುದುರೆ ತರುವ ಕೆಲಸ. ನಾವು ಸುಳ್ಳು ಹೇಳಲಿಲ್ಲ, ಆದ್ರೆ ನೀವು ಸುಳ್ಳು ತಿಳ್ಕೊಳ್ಳಿ ಅಂತ ಸುಮ್ಮನೆ ಕೂತೆವು. ನನ್ನ ಮದುವೆ ಕೋಳಿಯ ಹೆಸರಲ್ಲಿ ಆಗುದು ಬೇಡ.’

ಗುಲಾಬಿಯಮ್ಮನ ಕೈ ತಟ್ಟೆಯಲ್ಲೇ ನಿಂತಿತು. ಆಮೇಲೆ ಅವರು ಯಾರ ಮುಖವನ್ನೂ ನೋಡದೆ ಮಾತಾಡಿದರು. ಅವರ ತಂದೆ ಮುಂಬಯಿಯಲ್ಲಿ ಕ್ಯಾಂಟೀನು ನಡೆಸುತ್ತಿದ್ದರು. ರೇಸಿನ ದಿನ ಮಗಳನ್ನು ಕೈಹಿಡಿದು ಮೈದಾನಕ್ಕೆ ಕರೆದೊಯ್ದು, ದುಡ್ಡು ಕಟ್ಟುವ ಕಿಟಕಿಯ ಪಕ್ಕ ನಿಲ್ಲಿಸಿ, ಇಲ್ಲಿಂದ ಅಲ್ಲಾಡಬೇಡ ಎನ್ನುತ್ತಿದ್ದರು. ಆ ಕಿಟಕಿಯ ಕಟ್ಟೆ ತನ್ನ ತಲೆಗಿಂತ ಎತ್ತರವಿತ್ತು, ಕೈಗಳಷ್ಟೇ ಕಾಣುತ್ತಿದ್ದವು ಎಂದರು. ಮನೆಯ ಹಂಡೆ ಹೋಯಿತು, ಕ್ಯಾಂಟೀನು ಹೋಯಿತು, ತಾಯಿ ಇನ್ನೊಬ್ಬರ ಮನೆಯಲ್ಲಿ ಪಾತ್ರೆ ತಿಕ್ಕಿದಳು.

‘ನನ್ನಪ್ಪ ಸಾಯುವಾಗ ಹೇಳಿ ಕಳಿಸಿದ್ರು, ಮಾಫಿ ಮಾಡು ಅಂತ. ನಾ ಹೋಗ್ಲಿಲ್ಲ. ಮಾಫಿ ಮಾಡ್ಲಿಲ್ಲ. ಇವತ್ತಿಗೂ ಮಾಡ್ಲಿಲ್ಲ.’

ಅವರು ಅಪ್ಪನ ಕಡೆ ತಿರುಗಿದರು. ನಿಮ್ಮ ಆ ಅಮೆರಿಕದಲ್ಲಿ ಖಿಡ್ಕಿ ಉಂಟಾ ಎಂದು ಕೇಳಿದರು. ಉಂಟು ಎಂದರು ಅಪ್ಪ. ನೀವು ಅದರ ಎದುರು ನಿಂತದ್ದುಂಟಾ ಎಂದು ಮತ್ತೆ ಕೇಳಿದರು. ಅಪ್ಪ ನಿಜ ಹೇಳುವುದಕ್ಕೆ ಹೊರಟರೆ ಅರ್ಧದಲ್ಲಿ ನಿಲ್ಲಿಸುವವರಲ್ಲ.

‘ಒಮ್ಮೆ ನಿಂತಿದ್ದೆ. ಗೆದ್ದೆ. ಗೆದ್ದದ್ದಕ್ಕೇ ಹೆದರಿಕೆ ಆಯ್ತು, ಮತ್ತೆ ಆ ಕಡೆ ತಲೆ ಹಾಕ್ಲಿಲ್ಲ. ಆ ದುಡ್ಡಲ್ಲಿ ತಂದದ್ದೇ ಅದು.’

ಅವರ ಎಡಗೈ ಫ್ರಿಜ್ಜಿನ ಮೇಲಿನ ಟೊಪ್ಪಿಯನ್ನು ತೋರಿಸುತ್ತಿತ್ತು. ಅಮ್ಮನ ಮುಖ ಆಗ ಹೇಗಿತ್ತೆಂದು ನಾನು ಬರೆಯುವುದಿಲ್ಲ, ಅವಳು ಇದನ್ನು ಓದುವವಳಿದ್ದಾಳೆ. ಗುಲಾಬಿಯಮ್ಮ ಎದ್ದು ಕೈ ತೊಳೆದು ಬಂದು, ಫ್ರಿಜ್ಜಿನ ಮುಂದೆ ನಿಂತು ತಲೆಯೆತ್ತಿ ಅದನ್ನು ಬಹಳ ಹೊತ್ತು ನೋಡಿದರು.

‘ರೇಸಿನಿಂದ ಮನೆಗೆ ಬಂದದ್ದು ಅಂತ ನಾ ಕಂಡದ್ದು ನಿಮ್ಮ ಈ ಟೊಪ್ಪಿ ಒಂದೇ. ಬಾಕಿ ಎಲ್ಲ ಹೋದದ್ದೇ.’

ಆಮೇಲೆ ತಮ್ಮ ತೀರ್ಮಾನ ಹೇಳಿದರು. ಇಲ್ಲಿಯ ಮೈದಾನವನ್ನು ತಾವೇ ನೋಡಬೇಕು. ಅಲ್ಲಿ ಖಿಡ್ಕಿ ಇದ್ದರೆ ಈ ಸಂಬಂಧ ಬೇಡ. ಖಿಡ್ಕಿಯ ಪಕ್ಕದ ಮನೆಗೆ ಮತ್ತೆ ಕಾಲಿಡಲು ತನ್ನಿಂದಾಗದು. ಇಲ್ಲವೆಂದಾದರೆ ಆಗ ಮಾತಾಡುವ. ನಿಮ್ಮ ಕೆಂಟಕಿ, ನಿಮ್ಮ ಟೊಪ್ಪಿ, ನಿಮ್ಮ ರೇಸ್ ಎಂದು ಅವರು ಪ್ರತಿ ಮಾತಿಗೂ ‘ನಿಮ್ಮ’ ಸೇರಿಸುವಾಗ ಸರಳತ್ತೆಯ ಕಣ್ಣು ತುಂಬಿಬರುತ್ತಿತ್ತು. ಆದರೆ ಹೇಳಿದ್ದಕ್ಕೆ ಅವಳು ಒಂದು ಕ್ಷಣವೂ ಪಶ್ಚಾತ್ತಾಪಪಡಲಿಲ್ಲ. ಅವರು ಹೋದ ಮೇಲೆ ಅಡುಗೆಮನೆಯಲ್ಲಿ ಅಪ್ಪ ಅಮ್ಮನಿಗೆ ನಡೆದದ್ದು ಬೇರೆ ಯುದ್ಧ. ಜೂಜಿನ ಟೊಪ್ಪಿಯನ್ನು ಇಷ್ಟು ಕಾಲ ತನ್ನ ಕೈಯಾರೆ ಒರಸಿಟ್ಟೆನಲ್ಲ ಎಂಬುದು ಅಮ್ಮನ ಸಂಕಟ. ಎಸೆಯುತ್ತೇನೆ ಎಂದಳು, ಎಸೆಯಲಿಲ್ಲ. ಅಷ್ಟು ಚಂದದ ವಸ್ತುವನ್ನು ಎಸೆಯುವ ಕೈ ಅವಳದಲ್ಲ.

ಮುಂದಿನ ಓಟದ ದಿನ ಮಧ್ಯಾಹ್ನ ನಾವೆಲ್ಲ ರಯ್ಯಾನ್ ಕಡೆಯ ಮೈದಾನಕ್ಕೆ ಹೋದೆವು. ಚಳಿಗಾಲವೇ ಆದರೂ ಆ ಹೊತ್ತಿನ ಬಿಸಿಲು ಬಿಸಿಲೇ. ಅಮ್ಮ ಯಾರಿಗೂ ಹೇಳದೆ ಟೊಪ್ಪಿಯನ್ನು ಚೀಲದಲ್ಲಿಟ್ಟು ತಂದಿದ್ದಳು. ಗುಲಾಬಿಯಮ್ಮ ಸೆರಗನ್ನು ಹಣೆಗೆ ಅಡ್ಡ ಹಿಡಿದದ್ದು ಕಂಡು ಅದನ್ನು ತೆಗೆದು ಅವರ ತಲೆಗೆ ಇಟ್ಟೇಬಿಟ್ಟಳು. ಹೂ ಮುಡಿಯದ ಆ ಬಿಳಿ ತಲೆಯ ಮೇಲೆ ಅದು ಅಳತೆ ಕೊಟ್ಟು ಮಾಡಿಸಿದಂತೆ ಕೂತಿತು. ಅವರು ತೆಗೆಯಲಿಲ್ಲ. ಬಿಸಿಲಿಗೆ ಅಡ್ಡಿಯಿಲ್ಲ ಎಂದಷ್ಟೇ ಹೇಳಿದರು. ಕಟ್ಟೆಗಳ ಮೇಲೆ ಬಿಳಿ ನಿಲುವಂಗಿಯ ಗಂಡಸರು, ಮಕ್ಕಳು, ಕೊಕ್ಕಿನ ಪಾತ್ರೆಯಿಂದ ಸಣ್ಣ ಬಟ್ಟಲಿಗೆ ಕಾಫಿ ಹೊಯ್ಯುವವರು. ಅಪ್ಪ ಕೆಂಟಕಿಯಿಂದ ತಂದ ಕೆಂಪು ಹೆಣ್ಣುಕುದುರೆ ಅವತ್ತು ಮೊದಲ ಸಲ ಓಡುವುದಿತ್ತು. ಅಪ್ಪ ಅದನ್ನು ಒಂದೇ ಮಾತಿನಲ್ಲಿ ಹೇಳಿ ಮುಗಿಸಿದರು, ಅವರಿಗೆ ಅದಕ್ಕಿಂತ ದೊಡ್ಡ ಓಟ ಪಕ್ಕದಲ್ಲೇ ಕೂತಿತ್ತು. ಯಾರೋ ಬಂದು ಗೆಲ್ಲುವ ಕುದುರೆಯನ್ನು ಊಹಿಸಿ ಬರೆಯುವ ಚೀಟಿ ಹಂಚಿದರು. ಇದಕ್ಕೆ ದುಡ್ಡು ಕೊಡಲಿಕ್ಕಿಲ್ಲ, ಊಹೆ ಸರಿಯಾದರೆ ಅವರೇ ಬಹುಮಾನ ಕೊಡುವುದು ಎಂದು ಅಪ್ಪ ವಿವರಿಸಿದರು. ಗುಲಾಬಿಯಮ್ಮ ಚೀಟಿಯನ್ನು ತಿರುಗಿಸಿ ಮುರುಗಿಸಿ ನೋಡಿ ಹಿಂದಕ್ಕೆ ಕೊಟ್ಟರು. ಚೀಟಿ ಇದ್ದಲ್ಲಿ ಖಿಡ್ಕಿ ಇರಲೇಬೇಕು ಎಂದು ಎದ್ದರು. ದೊಡ್ಡವರು ಯಾರೂ ಬರುವುದು ಬೇಡ, ಮಾತು ಬರುವ ಈ ಹುಡುಗಿ ಸಾಕು ಎಂದು ನನ್ನ ಕೈ ಹಿಡಿದುಕೊಂಡರು.

ನಾವಿಬ್ಬರೂ ಕಟ್ಟಡದ ಹಿಂಭಾಗವನ್ನು ಒಂದು ತುದಿಯಿಂದ ಹುಡುಕುತ್ತಾ ಹೋದೆವು. ಕಂಡ ಕಂಡ ಕಿಟಕಿಗೆಲ್ಲ ಅವರು ಟೊಪ್ಪಿ ಹಿಡಿದುಕೊಂಡು ಬಗ್ಗಿ ಇಣುಕಿದರು. ಒಂದರಲ್ಲಿ ನಿಜಕ್ಕೂ ದುಡ್ಡು ತೆಗೆದುಕೊಳ್ಳುತ್ತಿದ್ದರು. ಅವರ ಹಿಡಿತ ಬಿಗಿಯಾದದ್ದು ನನ್ನ ಬೆರಳಿಗೆ ಗೊತ್ತಾಯಿತು. ದುಡ್ಡು ಕೊಟ್ಟವನಿಗೆ ಒಳಗಿಂದ ಬಂದದ್ದು ಒಂದು ಲೋಟ ಚಹಾ. ಮುಂದಕ್ಕೆ ನಡೆದೆವು. ಕೊನೆಯಲ್ಲಿ ಮುಚ್ಚಿದ ಒಂದು ಕಬ್ಬಿಣದ ಬಾಗಿಲು, ಅದರ ಪಕ್ಕ ಕುರ್ಚಿಯಲ್ಲಿ ಒಬ್ಬ ವಯಸ್ಸಾದ ಸುಡಾನಿ ಕಾವಲುಗಾರ. ಬಿಳಿ ಗಡ್ಡ, ದಣಿದ ಕಣ್ಣು. ಮುದುಕಿಯನ್ನು ಕಂಡು ಎದ್ದು ನಿಂತ. ಗುಲಾಬಿಯಮ್ಮ ತಮ್ಮ ಮುಂಬಯಿ ಹಿಂದಿಯಲ್ಲಿ, ರೇಸಿಗೆ ಪೈಸಾ ಕಟ್ಟುವ ಖಿಡ್ಕಿ ಎಲ್ಲಿ ಎಂದು ಕೇಳಿದರು. ಅವನಿಗೆ ಪೈಸಾ ಎಂಬುದು ತಿಳಿಯಿತು, ರೇಸ್ ಎಂಬುದೂ ತಿಳಿಯಿತು. ಬಲಗೈಯನ್ನು ಎದೆಯ ಮೇಲಿಟ್ಟು, ತಲೆ ತಗ್ಗಿಸಿ, ಇಲ್ಲಿಯವರು ಮರ್ಯಾದೆಯಿಂದ ಇಲ್ಲವೆನ್ನುವ ರೀತಿಯಲ್ಲಿ, ತಾಯಿಯನ್ನು ಕರೆಯುವ ‘ಮಾಮಾ’ ಸೇರಿಸಿ ಹೇಳಿದ.

‘ಮಾಫಿ, ಮಾಮಾ. ಮಾಫಿ.’

ಗುಲಾಬಿಯಮ್ಮ ಅಲ್ಲಾಡಲಿಲ್ಲ. ಅವರು ಅವನ ಬಿಳಿ ಗಡ್ಡವನ್ನು ನೋಡಿದರು, ಎದೆಯ ಮೇಲಿನ ಕೈಯನ್ನು ನೋಡಿದರು. ಮೆಲ್ಲಗೆ ನನ್ನ ಕಡೆ ಬಗ್ಗಿದರು.

‘ಎಂತ ಹೇಳ್ತಾನೆ ಇವ?’

ಆ ಶಬ್ದದ ಅರ್ಥ ನನಗೆ ನನ್ನ ಹೆಸರಿನಷ್ಟೇ ಚೆನ್ನಾಗಿ ಗೊತ್ತಿತ್ತು. ಇಲ್ಲ ಅಂತೆ ಅಜ್ಜಿ, ಕಿಟಕಿ ಇಲ್ಲವಂತೆ ಎಂದು ಹೇಳುವುದು ಬಹಳ ಸುಲಭ. ಹೇಳಿದ್ದರೆ ಸರಳತ್ತೆಯ ಮದುವೆಗೂ ಅಷ್ಟೇ ಸಾಕಾಗುತ್ತಿತ್ತು. ಇವತ್ತು ಆಸ್ಪತ್ರೆಯಲ್ಲಿ ನಾನು ಒಂದು ಶಬ್ದ ಆಚೀಚೆಯಾಗಲೂ ಬಿಡುವುದಿಲ್ಲ, ಅದರಲ್ಲಿ ನನಗೆ ಹೆಸರೂ ಇದೆ. ಆದರೂ ಹೇಳುತ್ತೇನೆ, ನನ್ನ ಜೀವನದಲ್ಲಿ ಮಾಡಿದ ಅತ್ಯುತ್ತಮ ಭಾಷಾಂತರ ಅವತ್ತಿನದು, ಮತ್ತು ಅದರಲ್ಲಿ ನಾನು ಒಂದಕ್ಷರವನ್ನೂ ಬದಲಿಸಲಿಲ್ಲ.

‘ಮಾಫಿ ಅಂತೆ, ಅಜ್ಜಿ.’

ಅವರು ಸೆರಗಿನಿಂದ ಕಣ್ಣೊರಸಿಕೊಂಡರು. ಟೊಪ್ಪಿ ಸ್ವಲ್ಪ ಓರೆಯಾಯಿತು, ಸರಿಮಾಡಿಕೊಳ್ಳಲಿಲ್ಲ. ಮೈದಾನದ ಕಡೆಯಿಂದ ಮುಂದಿನ ಓಟಕ್ಕೆ ಕುದುರೆಗಳು ಬರುತ್ತಿವೆ ಎಂಬ ಕೂಗು ಕೇಳಿಸಿತು. ಅವರು ಆ ಮುದುಕನ ಮುಖದಿಂದ ಕಣ್ಣು ತೆಗೆಯದೆ ನನಗೆ ಹೇಳಿದರು.

‘ಮಾಡಿದೆ ಅಂತ ಹೇಳು.’

ನಾನು ಕಾವಲುಗಾರನ ಕಡೆ ತಿರುಗಿ, ನನಗೆ ಬರುತ್ತಿದ್ದ ಅರಬ್ಬಿಯಲ್ಲಿ ಖಲಾಸ್ ಎಂದೆ. ಅವನೂ ತಲೆಯಾಡಿಸಿ ಖಲಾಸ್, ಖಲಾಸ್ ಎಂದು ಕುರ್ಚಿಯಲ್ಲಿ ಕೂತ. ಹಿಂದಕ್ಕೆ ಬರುವಾಗ ಗುಲಾಬಿಯಮ್ಮ ಚಹಾದ ಕಿಟಕಿಯಲ್ಲಿ ನಿಂತು ನನಗೊಂದು ಚಹಾ ಕೊಡಿಸಿದರು, ತಾವೂ ಕುಡಿದರು. ಸರಳತ್ತೆ ನಾವು ಹೋದ ಹಾದಿಯನ್ನೇ ನೋಡುತ್ತಾ ನಿಂತಿದ್ದಳು. ಹರೀಶರು ಅವಳ ಪಕ್ಕ, ಅಪ್ಪ ಅಮ್ಮ ಸ್ವಲ್ಪ ದೂರದಲ್ಲಿ. ಗುಲಾಬಿಯಮ್ಮ ಸರಳತ್ತೆಯನ್ನು ಕೈಹಿಡಿದು ಕೂರಿಸಿ, ಪಕ್ಕದಲ್ಲಿ ತಾವು ಕೂತು, ಟೊಪ್ಪಿಯ ಅಂಚನ್ನು ಮೇಲಕ್ಕೆತ್ತಿ ಮೈದಾನದ ಕಡೆ ನೋಡಿದರು.

‘ಹೇಳು ನೋಡುವ,’ ಎಂದರು, ‘ಇದ್ರಲ್ಲಿ ನಮ್ಮ ಕುದುರೆ ಯಾವುದು?’